ಯಲ್ಲೇಶನ ಗಿಳಿಬಣ್ಣದ ಬೂಟು

ಅಜ್ಜಿ ಹೇಳುವ ಕತೆಗಳಲ್ಲಿ ರಾಕ್ಷಸನ ಜೀವ ಅವನ ಮೈಯಲ್ಲಿ ಇರುವುದಿಲ್ಲ. ಏಳು ಕೆರೆ ದಾಟಿ, ದೊಡ್ಡದೊಂದು ಆಲದ ಮರ ಹತ್ತಿದರೆ ಅಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಆ ಗಿಳಿಯ ಕೊರಳಲ್ಲಿ ಅವನ ಜೀವ. ಗೋಪನಕೊಪ್ಪದ ಯಲ್ಲೇಶನ ಜೀವ ಅಷ್ಟು ದೂರವೇನೂ ಇರಲಿಲ್ಲ. ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ, ಕಿಟಕಿಯ ಮಗ್ಗುಲಿಗೆ, ಫ್ಯಾನಿನ ಸರಿಯಾಗಿ ಕೆಳಗೆ ಒಂದು ಕುರ್ಚಿ ಇತ್ತು. ಅದರಲ್ಲಿತ್ತು.

ಕೆರೆಕಟ್ಟೆಗಳ ಕಾಗದಪತ್ರ ನೋಡಿಕೊಳ್ಳುವ ಕಚೇರಿ ಅದು. ಅಲ್ಲಿ ಕೆರೆ ನೋಡಿದವರು ಕಡಿಮೆ. ಕಾಗದ ನೋಡಿದವರು ಅದಕ್ಕಿಂತ ಕಡಿಮೆ. ಯಲ್ಲೇಶ ಅಲ್ಲಿಯ ಟೈಪಿಸ್ಟ್. ಅವನ ಬೆರಳುಗಳು ಕುದುರೆಯಂತೆ ಓಡುತ್ತಿದ್ದವು, ಲಗಾಮು ಮಾತ್ರ ಇರಲಿಲ್ಲ. ಹೋದ ತಿಂಗಳು ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದಾಗ ಬ್ಯಾನರಿಗೆ ಮಜಕೂರು ಟೈಪ್ ಮಾಡಿ ಕೊಟ್ಟವನು ಅವನೇ. 'ಹಾರ್ದಿಕ ಸ್ವಾಗತ' ಎಂದಿರಬೇಕಾದಲ್ಲಿ 'ಆರ್ಥಿಕ ಸ್ವಾಗತ' ಎಂದು ಅಚ್ಚಾಗಿ ಬಂತು. ದೊಡ್ಡ ಸಾಹೇಬರು ಆ ಬ್ಯಾನರಿನ ಕೆಳಗೆ, ಹಾರ ಹಾಕಿದ ಮೇಲೂ ಇನ್ನೇನೋ ಬರಲಿದೆ ಎಂಬಂತೆ ಬಹಳ ಹೊತ್ತು ಕಾದು ನಿಂತಿದ್ದರು.

ಅವತ್ತು ಸಂಜೆ ಮೈತ್ರೇಯಿ ಮೇಡಂ ಅವನನ್ನು ಕರೆಸಿದರು. ಹೊಸದಾಗಿ ಬಂದ ಅಧಿಕಾರಿ, ಮೈಸೂರು ಕಡೆಯವರು. ಮೆಟ್ಟಿಲನ್ನು ಎರಡೆರಡಾಗಿ ಹತ್ತುವವರು. ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ.

"ಇನ್ನೊಂದು ತಪ್ಪು ಟೈಪ್ ಮಾಡಿದ್ರೆ ಈ ಕುರ್ಚಿ ಇರಲ್ಲ, ಯಲ್ಲೇಶ್. ಸೀದಾ ಫೀಲ್ಡಿಗೆ ಹಾಕ್ತೀನಿ. ಬಿಸಿಲಲ್ಲಿ ನಿಂತು ಕೆರೆ ಕಾಯ್ತೀರ."

ಅಂದಿನಿಂದ ಯಲ್ಲೇಶ ಪರದೆಯ ಮೇಲೆ ಯಾವ ಶಬ್ದದ ಕೆಳಗೂ ತಪ್ಪು ತೋರಿಸುವ ಕೆಂಪು ಗೆರೆ ಉಳಿಯದಂತೆ ನೋಡಿಕೊಂಡೇ ಉಸಿರು ಬಿಡುತ್ತಿದ್ದ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಮೇಡಂ ಫೋನು ಬಂತು. ಗಬ್ಬೂರ ಬೈಪಾಸಿನಲ್ಲಿ ಯಾವುದೋ ಲಾರಿಯ ದಾರಿ ಕಾಯುತ್ತ ನಿಂತಿದ್ದರು. ಹಾರ್ನುಗಳ ಗದ್ದಲದಲ್ಲಿ ಅವರ ಮಾತು ಒಡೆದ ಹಪ್ಪಳದಂತೆ ಚೂರುಚೂರಾಗಿ ಕೇಳಿಸಿತು. ಭಾನುವಾರ ಬೆಳಿಗ್ಗೆ ಆರಕ್ಕೆ ಕೆಲಗೇರಿ ಕೆರೆ ದಂಡೆ, ಎಂಥದೋ ಒಂದು ರನ್ ಇದೆ, ದೊಡ್ಡ ಸಾಹೇಬರೂ ಬರುತ್ತಾರೆ. "ಎಲ್ಲರೂ ರೆಡಿಯಾಗಿ ಬರಬೇಕು. ಗ್ರೂಪಿಗೆ ಹಾಕಿಬಿಡಿ!"

ಯಲ್ಲೇಶ ಇಂಗ್ಲಿಷಿನಲ್ಲಿ ಚೊಕ್ಕವಾಗಿ ಟೈಪ್ ಮಾಡಿ, ತಿರುಗಿ ಓದಿ, ಕೆಂಪು ಗೆರೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಚೇರಿಯ ಗ್ರೂಪಿಗೆ ಕಳಿಸಿದ. ಮೇಡಂ ಕೂಡ ಆ ಗ್ರೂಪಿನಲ್ಲಿದ್ದರು. ಆದರೆ ಸಿಬ್ಬಂದಿಯ ಶುಭೋದಯದ ಗುಲಾಬಿಗಳ ಕಾಟಕ್ಕೆ ಅವರು ಅದನ್ನು ತೆರೆಯುವುದನ್ನೇ ಬಿಟ್ಟಿದ್ದರು.

"ಲೇ ಯಲ್ಲೇಶ, ಟ್ರೇಲ್ ರನ್ ಅಂದ್ರೇನೋ?" ಹೆಡ್ ಕ್ಲಾರ್ಕ್ ಮೈಲಾರಪ್ಪ ಕನ್ನಡಕ ಹಣೆಗೇರಿಸಿ ಕೇಳಿದ.

"ನನಗೇನ್ ಗೊತ್ರಿ? ಮೇಡಂ ಹೇಳಿದ್ರು, ನಾ ಹಾಕಿದೆ."

ಮೈಲಾರಪ್ಪ ಫೋನಿನಲ್ಲಿ ಹುಡುಕಿ, ಎದ್ದು ನಿಂತು, ಇಡೀ ಕಚೇರಿಗೆ ಕೇಳುವಂತೆ ಓದಿದ. "ಗುಡ್ಡಾ, ಕಲ್ಲು, ಕೆಸರಿನಾಗ ಓಡೂದಂತ್ರೆಪಾ! ಅದಕ್ಕಂತನ ಬ್ಯಾರೇ ಬೂಟ್ ಬರ್ತಾವಂತ."

"ಗುಡ್ಡಾ, ಕಲ್ಲು, ಕೆಸರು? ನಮ್ಮ ಓಣ್ಯಾಗ ದಿನಾ ಚಪ್ಪಲಿ ಮ್ಯಾಲನ ಓಡ್ತೇನಲ್ರಿ," ಎಂದ ಯಲ್ಲೇಶ.

"ನಗಬ್ಯಾಡ. ಆಕಿ ಕೈಯಾಗಿನ ಗಡಿಯಾರ ನೋಡಿದಾಗನ ಅಂದುಕೊಂಡಿದ್ದೆ, ಒಂದಿನ ನಮ್ಮನ್ನ ಓಡಸ್ತಾಳ ಅಂತ. ನೀ ಮಾತ್ರ ಎಲ್ಲಾರ ಮುಂದ ಓಡು. ಆರ್ಥಿಕ ಸ್ವಾಗತಾ ಮಂದಿ ಮರೀಬೇಕಂದ್ರ ಅದೊಂದ ದಾರಿ ಐತಿ ನಿನಗ."

ಯಲ್ಲೇಶ ತಲೆ ಎತ್ತಿ ಫ್ಯಾನ್ ನೋಡಿದ. ಅದು ಅವನಿಗೆ ವಿದಾಯ ಹೇಳುವವರ ಕೈಯಂತೆ ಮೆಲ್ಲಗೆ ತಿರುಗುತ್ತಿತ್ತು. ಬೂಟು ತರಲೇಬೇಕು ಎಂದು ನಿಶ್ಚಯಿಸಿದ.

ಸಂಜೆ ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಜಯಮಾಲಾ ಲಟ್ಟಣಿಗೆ ಕೆಳಗಿಟ್ಟು ನಕ್ಕಳು. "ಬಸ್ ತಪ್ಪಿದ್ರೂ ಓಡಿದಾವ್ರಲ್ಲ ನೀವು. ಇನ್ನ ಗುಡ್ಡಾ ಹತ್ತಿ ಓಡ್ತೀರಿ?"

ಎದುರುಮನೆ ಸಾವಂತ್ರೆವ್ವ ಕಟ್ಟೆಯ ಮೇಲಿಂದಲೇ ಕಿವಿ ಚಾಚಿದಳು. ಆ ಓಣಿಯಲ್ಲಿ ಕುಕ್ಕರ್ ಕೂಗಿದರೂ ಯಾವ ಬೇಳೆ ಎಂದು ಕೇಳುವವಳು ಅವಳು.

"ಏನೋ ತಮ್ಮಾ ಅದು, ಟ್ರೇ? ಚಾದ ಟ್ರೇ ಹಿಡಕೊಂಡು ಓಡ್ಬೇಕೇನು?"

"ಟ್ರೇ ಅಲ್ಲಬೇ, ಟ್ರೇಲ್. ಅದಕ್ಕ ಬೂಟ್ ಬೇಕು."

"ಬೂಟ್ ಎದಕೋ? ನಮ್ಮ ಮನಿಯಾವ್ರ ಕೊಲ್ಹಾಪುರಿ ಮೆಟ್ಟು ಅಟ್ಟದ ಮ್ಯಾಲ ಹಂಗ ಅದಾವ. ಹಾಕ್ಕೊಂಡ್ರ ಕರ್ರ್ ಕರ್ರ್ ಅಂತಾವ, ಮುಂದಿನಾವ್ರು ತಾವ ದಾರಿ ಬಿಡ್ತಾರ."

ಬೇಡವೆಂದು ಒಪ್ಪಿಸುವಷ್ಟರಲ್ಲಿ ಆಟೊ ಬಂತು. ಬೂಟು ಒಬ್ಬನಿಗೆ, ಆಟೊ ಹತ್ತಿದವರು ಮೂವರು.

ದುರ್ಗದಬೈಲಿನ ಸಂದಿಯೊಂದರಲ್ಲಿ ಮಕಬೂಲಸಾಬನ ಬೂಟಿನ ಅಂಗಡಿ. ಯಲ್ಲೇಶ ಹೋಗುವಷ್ಟರಲ್ಲಿ ಮೈಲಾರಪ್ಪ ಆಗಲೇ ಸ್ಟೂಲಿನ ಮೇಲೆ ಕೂತು ಒಂದು ಕಪ್ಪು ಬೂಟಿನೊಳಗೆ ಕಾಲು ತುರುಕುತ್ತಿದ್ದ. ಟ್ರೇಲ್ ಎಂಬ ಶಬ್ದವನ್ನು ಮಕಬೂಲಸಾಬ ಆಗಷ್ಟೇ ಅವನ ಬಾಯಿಂದ ಕೇಳಿದ್ದ. ಆದರೂ ಹುಟ್ಟಿದಾಗಿನಿಂದ ಅದನ್ನೇ ಮಾರುತ್ತಿದ್ದವನಂತೆ ಎದ್ದು ಬಂದ.

"ಬರ್ರಿ ಸಾಹೇಬ್ರ. ಟ್ರೇಲ್‌ನ್ಯಾಗ ಯಾವುದ ಬೇಕ್ರಿ? ಗುಡ್ಡದ್ದೋ, ಕಲ್ಲಿಂದೋ, ಕೆಸರಿಂದೋ?"

"ಕೆರಿ ದಂಡಿ ಮ್ಯಾಲ ಓಡೂದ್ರಿ."

"ಹಂಗಾರ ಕೆಸರಿಂದ. ಈ ಹಲ್ಲು ನೋಡ್ರಿ!" ಮಕಬೂಲಸಾಬ ಬೂಟನ್ನು ಬೋರಲು ಹಾಕಿದ. ಅಡಿಯಲ್ಲಿ ಟ್ರ್ಯಾಕ್ಟರಿನ ಗಾಲಿಗಿರುವಂಥ ರಬ್ಬರಿನ ಹಲ್ಲುಗಳು. "ಎಂಥಾ ಎರಿ ಮಣ್ಣಿದ್ರೂ ಕಚ್ಚಿ ಹಿಡೀತಾವ."

"ಕಚ್ಚಿ ಹಿಡದ ಮ್ಯಾಲ ಬಿಡೂದು ಹ್ಯಾಂಗ?" ಎಂದಳು ಸಾವಂತ್ರೆವ್ವ.

ಮಕಬೂಲಸಾಬ ಆ ಪ್ರಶ್ನೆಯನ್ನು ಗಿರಾಕಿಯಲ್ಲದವರ ಪ್ರಶ್ನೆ ಎಂದು ಬದಿಗೆ ಸರಿಸಿದ. "ಮ್ಯಾಲ ಜಾಳಗಿ ಐತಿ ನೋಡ್ರಿ. ಬೂಟು ಉಸಿರಾಡ್ತೈತಿ."

"ಬೂಟ್ ಉಸಿರಾಡ್ಲಿ ಬಿಡ್ರಿ. ಹಾಕ್ಕೊಂಡಾವ್ರು ಕೆರಿ ಸುತ್ತಿದ ಮ್ಯಾಲ ಉಸಿರಾಡ್ತಾರೇನು, ಅದನ್ನ ಹೇಳ್ರಿ," ಎಂದಳು ಜಯಮಾಲಾ.

ಇನ್ನು ಅಳತೆಯ ಮಾತು. ಓಡುವಾಗ ಕಾಲು ಬಾತುಕೊಳ್ಳುತ್ತವೆ, ದೊಡ್ಡದೇ ಇರಲಿ ಎಂದ ಮೈಲಾರಪ್ಪ. ಹಾಕುತ್ತ ಹಾಕುತ್ತ ಸಡಿಲಾಗುತ್ತದೆ, ಸಣ್ಣದೇ ಇರಲಿ ಎಂದಳು ಜಯಮಾಲಾ. ಸಾವಂತ್ರೆವ್ವ ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ, ಯಲ್ಲೇಶ ಕಾಲಿಗೇರಿಸಿದ ಬೂಟಿನ ತುದಿ ಒತ್ತಿ ಒತ್ತಿ ನೋಡಿದಳು. ಸಾಕ್ಸು ಕೊಳ್ಳಲು ಬಂದಿದ್ದ ಗುರುತಿಲ್ಲದ ಯಜಮಾನರೊಬ್ಬರೂ ಬಗ್ಗಿ ಒಮ್ಮೆ ಒತ್ತಿ, "ಛಲೋ ಐತಿ" ಎಂದು ಹೋದರು. ಒಳಗಿದ್ದ ಹೆಬ್ಬೆರಳು ಯಾರದೆಂದು ಯಾರೂ ಕೇಳಲಿಲ್ಲ.

ಯಲ್ಲೇಶನಿಗೆ ಬೇಕಿದ್ದದ್ದು ಕಪ್ಪು. ಕಪ್ಪಾದರೆ ಮುಂದೆ ಕಚೇರಿಗೂ ನಡೆದೀತು. ಆದರೆ ಅವನ ಅಳತೆಯ ಕೊನೆಯ ಕಪ್ಪು ಜೋಡು ಮೈಲಾರಪ್ಪನ ಕಾಲಲ್ಲಿತ್ತು. ಉಳಿದದ್ದು ಒಂದೇ. ಗಿಳಿಹಸಿರು ಬಣ್ಣ, ಮುಂದುಗಡೆ ಕೆಂಪು ಮೂತಿ.

"ಅಯ್ಯ, ಗಿಳಿ ಇದ್ದಂಗ ಐತೆಲ್ಲೋ! ಕೊಕ್ಕು ಸೈತ ಐತಿ," ಎಂದು ಸಾವಂತ್ರೆವ್ವ ಚಪ್ಪಾಳೆ ತಟ್ಟಿದಳು.

"ಬಣ್ಣ ನೋಡಬ್ಯಾಡ್ರಿ, ಕಾಲಿಗೆ ಹಾಕ್ಕೊಂಡು ಹೊರಗ ಒಂದ ಟ್ರಯಲ್ ನೋಡ್ರಿ," ಎಂದು ಮಕಬೂಲಸಾಬ ಅವನನ್ನು ಬೀದಿಗೆ ಇಳಿಸಿದ.

ಬೀದಿಯಲ್ಲಿ ಗಟಾರ ರಿಪೇರಿಗೆಂದು ಸುರುವಿದ ಜಲ್ಲಿಯ ಗುಡ್ಡೆ ಇತ್ತು. ಯಲ್ಲೇಶ ಅದನ್ನು ಹತ್ತಿ ತುದಿಯಲ್ಲಿ ನಿಂತ. ಅರೆಗಳಿಗೆ ಅವನಿಗೆ ತಾನು ಹಾರುವ ಪಾದುಕೆ ಮೆಟ್ಟಿದ ರಾಜಕುಮಾರನಂತೆ ಅನಿಸಿತು. ಆಗ ಗುಡ್ಡೆಯ ಆಚೆ ಮಲಗಿದ್ದ ನಾಯಿ ಕಣ್ಣು ತೆರೆದು ಎರಡು ಗಿಳಿಗಳನ್ನು ಕಂಡಿತು.

ಯಲ್ಲೇಶ ಓಡಿದ. ಹಿಂದೆ ನಾಯಿ ಓಡಿತು. ನಾಯಿಯ ಹಿಂದೆ ಮಕಬೂಲಸಾಬ "ಬೂಟು! ಬೂಟು! ರೊಕ್ಕ ಕೊಟ್ಟಿಲ್ಲ!" ಎಂದು ಕೂಗುತ್ತ ಓಡಿದ. ಬಳೆ ಅಂಗಡಿ, ಗಿರಮಿಟ್ ಗಾಡಿ ದಾಟುವಷ್ಟರಲ್ಲಿ ಅರ್ಧ ಪೇಟೆಗೆ ಬೂಟುಗಳ್ಳ ಸಿಕ್ಕಿದ್ದ. ತರಕಾರಿ ಮಾರುವವನೊಬ್ಬ ಎರಡೂ ಕೈ ಚಾಚಿ ಅಡ್ಡ ನಿಂತ. ಅವನನ್ನು ತಪ್ಪಿಸಲು ಹೋಗಿ ಯಲ್ಲೇಶ ತೆರೆದ ಗಟಾರದಲ್ಲಿ ಮೊಣಕಾಲವರೆಗೆ ನಿಂತ. ನಾಯಿಗೆ ಅಲ್ಲಿಗೆ ಆಸಕ್ತಿ ಹೋಯಿತು. ಮಂದಿಗೆ ಆಗಷ್ಟೇ ಬಂತು.

"ಕಳ್ಳ ಅಲ್ರೆಪಾ, ನಮ್ಮ ಮನಿಯಾವ್ರು!" ಎಂದು ಜಯಮಾಲಾ ಏದುಸಿರು ಬಿಡುತ್ತ ಬಂದು ಬಿಡಿಸಿಕೊಂಡಳು.

ಮಕಬೂಲಸಾಬ ಬೂಟಿನ ಹಲ್ಲುಗಳನ್ನು ನೋಡಿ ನಿಟ್ಟುಸಿರಿಟ್ಟ. "ಗಟಾರ ಹತ್ತೇತಿ. ಇನ್ನ ಇವು ನಿಮ್ಮವ ಸಾಹೇಬ್ರ."

ಹೀಗೆ ಯಲ್ಲೇಶನ ಆಯ್ಕೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯಲ್ಲಿ ಇಡೀ ಕಚೇರಿ ಸಾಲಾಗಿ ನಿಂತಿತ್ತು. ಯಾರದೋ ಬರ್ಮುಡಾ, ಯಾರದೋ ಮಗನ ಟೀ ಶರ್ಟು. ಮೈಲಾರಪ್ಪ ಹೊಸ ಕಪ್ಪು ಬೂಟಿಗೆ ಕೆಸರು ಹತ್ತದಂತೆ ಕಲ್ಲಿನ ಮೇಲೆ ನಿಂತಿದ್ದ. ಎಲ್ಲರಿಗಿಂತ ಮುಂದೆ, ರಾತ್ರಿಯೆಲ್ಲ ತೊಳೆದು ಒಣಗಿಸಿದ ಗಿಳಿಗಳ ಮೇಲೆ, ಯಲ್ಲೇಶ.

ಜೀಪು ಬಂತು. ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲಿ ಮೇಡಂ ಇಳಿದರು. ಹಿಂದೆಯೇ ಒಂದು ಲಾರಿ, ಅದರ ಮೇಲೆ ತಾಡಪತ್ರಿ ಹೊದ್ದ ಆನೆಯಂಥದ್ದೇನೋ.

"ಏನ್ರೀ ಇದು ವೇಷ?"

"ಓಡಾಕ ರೆಡಿಯಾಗಿ ಬಂದೇವ್ರಿ ಮೇಡಂ," ಎಂದ ಯಲ್ಲೇಶ ಎದೆಯುಬ್ಬಿಸಿ.

"ನೀವ್ಯಾಕ್ರೀ ಓಡ್ತೀರ? ಓಡೋದು ಮಷೀನು! ಕೆರೆಯಿಂದ ಅಂತರಗಂಗೆ ಕಳೆ ಎತ್ತೋ ಮಷೀನು! ಇವತ್ತು ಅದರ ಟ್ರಯಲ್ ರನ್!"

ಆ ಯಂತ್ರದ ಫೈಲು ಕೆಲವು ತಿಂಗಳಿಂದ ಮೈಲಾರಪ್ಪನ ಕುರ್ಚಿಯ ಮೇಲೆ, ಅವನ ಕೆಳಗೆ, ಎತ್ತರಕ್ಕೆಂದು ಇತ್ತು. ಎಲ್ಲರೂ ಅವನತ್ತ ನೋಡಿದರು. ಅವನು ಕೆರೆಯ ಮೇಲಿನ ಹಕ್ಕಿಗಳನ್ನು ನೋಡಿದ. ಮೇಡಂ ಕೈ ಚಾಚಿ ಯಲ್ಲೇಶನ ಫೋನು ಇಸಿದುಕೊಂಡು ಒಂದೊಂದೇ ಅಕ್ಷರ ಓದಿದರು. "ಟಿ, ಆರ್, ಎ, ಐ, ಎಲ್…" ಐ ಇರಬೇಕಾದಲ್ಲಿ ಎ ಕೂತಿತ್ತು, ಎ ಇರಬೇಕಾದಲ್ಲಿ ಐ. ಎರಡೂ ಇಂಗ್ಲಿಷಿನಲ್ಲಿ ಇರುವ ಶಬ್ದಗಳೇ. ಪಾಪ, ಕೆಂಪು ಗೆರೆ ಏನು ಮಾಡೀತು?

"ಯಲ್ಲೇಶ್…" ಎಂದು ಮೇಡಂ ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಸಾಹೇಬರ ಕಾರು ಬಂತು.

ಯಂತ್ರ ನೀರಿಗಿಳಿಯಿತು. ಗುಡುಗಿತು. ಒಂದು ಬಾಯಿ ಅಂತರಗಂಗೆ ತಿಂದಿತು, ಇನ್ನೊಂದು ಬಾಯಿ ತಿಂದಿತು, ಮೂರನೆಯದಕ್ಕೆ ಬಿಕ್ಕಳಿಸಿ ದಂಡೆಯ ಹತ್ತಿರವೇ ನಿಂತುಬಿಟ್ಟಿತು. ಗಾಲಿಗೆಲ್ಲ ಬಳ್ಳಿ ಸುತ್ತಿಕೊಂಡಿತ್ತು. ಮೇಡಂ ಮುಖ ಬೆಳ್ಳಗಾಯಿತು. ದೊಡ್ಡ ಸಾಹೇಬರು ಹುಬ್ಬು ಗಂಟಿಕ್ಕಿ ಯಂತ್ರ ನೋಡಿದರು, ಸಿಬ್ಬಂದಿ ನೋಡಿದರು, ಕೊನೆಗೆ ಸಿಬ್ಬಂದಿಯ ಕಾಲು ನೋಡಿದರು. ಗಂಟು ಬಿಚ್ಚಿತು.

"ಶಾಭಾಸ್! ಕೆಸರಿಗಿಳಿಯೋಕೆ ತಯಾರಾಗಿಯೇ ಬಂದಿದ್ದಾರಲ್ಲ! ಇಂಥ ಸಿಬ್ಬಂದಿ ನಾನೆಲ್ಲೂ ನೋಡಿಲ್ಲ."

"ಹೌದು ಸರ್, ರೆಡಿಯಾಗಿ ಬರೋಕೆ ನಾನೇ ಹೇಳಿದ್ದೆ," ಎಂದರು ಮೇಡಂ, ರೆಪ್ಪೆ ಅಲುಗಿಸದೆ. "ಯಲ್ಲೇಶ್, ಇಳೀರಿ."

ಯಲ್ಲೇಶ ಇಳಿದ. ಮಕಬೂಲಸಾಬ ಸುಳ್ಳು ಹೇಳಿರಲಿಲ್ಲ. ಹಲ್ಲುಗಳು ಎರೆ ಮಣ್ಣನ್ನು ಕಚ್ಚಿ ಹಿಡಿದವು. ಸಾವಂತ್ರೆವ್ವ ಕೇಳಿದ್ದೂ ಸುಳ್ಳಾಗಲಿಲ್ಲ. ಬಿಡಲಿಲ್ಲ. ಬಲಗಾಲು ಬರಿಗಾಲಾಗಿ ಮೇಲೆ ಬಂತು, ಬಲಗಾಲಿನ ಗಿಳಿ ಕೆರೆಯ ತಳಕ್ಕೆ ಹೋಯಿತು. ಅಷ್ಟಾದರೂ ಅವನು ಬಳ್ಳಿ ಎಳೆದ, ಕಿತ್ತ, ಕೊರಳಿಗೆ ಸುತ್ತಿಕೊಂಡ. ಯಂತ್ರ ಕೆಮ್ಮಿ ಮತ್ತೆ ಹೊರಟಿತು. ಚಪ್ಪಾಳೆ ಬಿತ್ತು. ಕೊರಳ ತುಂಬ ಅಂತರಗಂಗೆಯ ಮಾಲೆ ಹಾಕಿಕೊಂಡು ಕೆಸರಲ್ಲಿ ನಿಂತ ಯಲ್ಲೇಶನಿಗೆ ತನ್ನ ಬಾಳಿನ ಮೊದಲ ಹಾರ್ದಿಕ ಸ್ವಾಗತ ದೊರೆತಂತಾಯಿತು. ಮೇಡಂ ಕೂಡ ಅವನತ್ತ ನೋಡಿ ನಕ್ಕರು. ಕುರ್ಚಿ ಉಳಿಯಿತು ಎಂದುಕೊಂಡ.

ಮೈಲಾರಪ್ಪ ಕಲ್ಲಿನಿಂದ ಇಳಿಯಲೇ ಇಲ್ಲ. ಮಧ್ಯಾಹ್ನ ಕಪ್ಪು ಬೂಟನ್ನು ಡಬ್ಬಿ ಸಮೇತ ಮಕಬೂಲಸಾಬನಿಗೆ ವಾಪಸ್ ಕೊಟ್ಟು, "ಟ್ರಯಲ್ ನೋಡಿದೆ, ಹಿಡಸ್ಲಿಲ್ಲ" ಎಂದು ಬಂದ.

ಸೋಮವಾರ ಮೇಡಂ ಕರೆಸಿದರು. "ನಿನ್ನೆ ನಿಮ್ಮಿಂದ ಮಾನ ಉಳೀತು, ಯಲ್ಲೇಶ್. ದೊಡ್ಡ ಸಾಹೇಬರು ನಿಮ್ಮ ಹೆಸರು ಕೇಳಿ ಬರ್ಕೊಂಡ್ರು. ಒಂದು ಆದೇಶ ಇದೆ, ಈಗ್ಲೇ ಟೈಪ್ ಮಾಡಿ ತನ್ನಿ."

ಬಡ್ತಿಯೇ ಇರಬೇಕು! ಯಲ್ಲೇಶ ಕರಡನ್ನು ಹಿಡಿದು ಹಾರುತ್ತಲೇ ಬಂದು, ಫ್ಯಾನ್ ಜೋರು ಮಾಡಿ, ಬೆರಳು ಲಟಿಕೆ ಮುರಿದು ಕೂತ. ಬೆರಳುಗಳು ಕುದುರೆಯಂತೆ ಓಡಿದವು. "ಕೆಸರಿನ ಅನುಭವ ಹಾಗೂ ಸೂಕ್ತ ಪಾದರಕ್ಷೆ ಹೊಂದಿರುವ ಏಕೈಕ ಸಿಬ್ಬಂದಿಯಾದ ಶ್ರೀ ಯಲ್ಲೇಶ ಇವರನ್ನು ಮುಂದಿನ ಆದೇಶದವರೆಗೆ ಕೆಲಗೇರಿ ಕೆರೆಯಲ್ಲಿ ಯಂತ್ರದ ಮೇಲ್ವಿಚಾರಣೆಗೆ ನಿಯೋಜಿಸಿದೆ."

ಪೂರ್ಣವಿರಾಮ ಹಾಕಿದ ಮೇಲೆಯೇ ಅವನಿಗೆ ತಾನೇನು ಟೈಪ್ ಮಾಡಿದೆನೆಂದು ತಿಳಿಯಿತು.

ಅವನು ಗಾಬರಿಯಿಂದ ಮೊದಲಿನಿಂದ ಓದಿದ. ಕೊನೆಯಿಂದ ಮೊದಲಿಗೂ ಓದಿದ. ಒಂದು ದೀರ್ಘ, ಒಂದು ಒತ್ತು, ಏನಾದರೂ ಜಾರಿದ್ದರೆ ಆದೇಶ ಇವತ್ತೊಂದು ದಿನವಾದರೂ ನಿಲ್ಲುತ್ತಿತ್ತು. ತಲೆಯ ಮೇಲೆ ಫ್ಯಾನು ತಂಪಾಗಿ ತಿರುಗುತ್ತಿತ್ತು. ಯಲ್ಲೇಶ ಟೈಪಿಸ್ಟ್ ಆದ ಮೇಲೆ ಮೊತ್ತಮೊದಲ ಸಲ, ಒಂದಕ್ಷರವೂ ತಪ್ಪಿರಲಿಲ್ಲ.