ಟಕ್ ಟಕ್ ಎಂದರೆ ಜೀರಿಗೆ ನೀರು

ಚಿಂತೆ ಮಾಡಲು ಕಾರಣ ಬೇಕು ಎನ್ನುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಎನಿಸುತ್ತದೆ. ಗಂಟಲು ಕೆರೆದರೆ ನನಗೆ ದೊಡ್ಡ ಕಾಯಿಲೆಯ ಭಯ. ಕೆರೆಯದಿದ್ದರೆ ಗಂಟಲಿನ ನರವೇ ಸತ್ತಿತೇನೋ ಎಂಬ ಅನುಮಾನ. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಹೇಳುತ್ತಾ ಸೀಮೆಸುಣ್ಣದ ಪುಡಿ ನುಂಗಿದ ಈ ಗಂಟಲಿಗೆ ಒಂದು ಏರ್ಪಾಡಿದೆ. ಡಸ್ಟರಿನಿಂದ ಮೇಜಿಗೆ ಟಕ್ ಟಕ್ ಎಂದು ಎರಡು ಏಟು ಹಾಕಿದರೆ ಸಾಕು, ಪಕ್ಕದ ಕೋಣೆಯಿಂದ ಅಟೆಂಡರ್ ಖಾದರ್ ಸಾಬರು ಒಂದು ಲೋಟ ಬಿಸಿ ಜೀರಿಗೆ ನೀರು ತಂದಿಡುತ್ತಾರೆ.

ಮೊನ್ನೆ ಚಿತ್ರದುರ್ಗದಿಂದ ವಿಷಯ ಪರಿವೀಕ್ಷಕಿ ಮೇಡಂ ನನ್ನ ಪಾಠ ನೋಡಲು ಬರುತ್ತಾರೆಂದು ತಿಳಿದಾಗ ಚಿಂತೆಗೆ ಕಾರಣವೂ ಸಿಕ್ಕಿತು. ಪಾಠ ಮಿದುಳಿನದು. ನರತಂತುಗಳೇ ಯಜಮಾನರು, ಸುತ್ತಲಿನ ಗ್ಲಿಯಾ ಕೋಶಗಳು ಬರೀ ಗೋಂದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಹೊಸದಾಗಿ ಓದಿ ನೋಡಿದರೆ ಗೋಂದಲ್ಲವಂತೆ! ಸಂಕೇತ ಓಡುವಾಗ ನರತಂತು ಒಂದಿಷ್ಟು ರಾಸಾಯನಿಕ ಚೆಲ್ಲುತ್ತದೆ. ಅದಕ್ಕೆ ಸುತ್ತಿಕೊಂಡ ಗ್ಲಿಯಾ ಅದನ್ನು ಗುರುತಿಸಿ, ಪಾಪ ದಣಿದಿದೆ ಎಂದು ಆಹಾರ ಒದಗಿಸುತ್ತದೆ. ಎಷ್ಟು ಗಡಿಬಿಡಿಯೋ ಅಷ್ಟು ಉಪಚಾರ. ಇದನ್ನು ಸರಿಯಾಗಿ ಹೇಳದಿದ್ದರೆ ಇಪ್ಪತ್ತು ವರ್ಷದ ಮರ್ಯಾದೆ ಮಣ್ಣುಪಾಲು.

ಮೇಡಂ ಹಿಂದಿನ ಬೆಂಚಿನಲ್ಲಿ ಪುಸ್ತಕ ಬಿಚ್ಚಿ ಕುಳಿತರು. ನಾನು ಉತ್ಸಾಹದಲ್ಲಿ, "ನೋಡ್ರಪ್ಪ, ನರತಂತು ಹಿಂಗೆ ಸುದ್ದಿ ಕಳಿಸ್ತತೆ" ಎಂದು ಡಸ್ಟರ್ ಬಡಿದೆ. ಟಕ್ ಟಕ್. ಖಾದರ್ ಸಾಬರು ಲೋಟ ತಂದಿಟ್ಟರು. ಬೇಡವೆಂದು ಕಣ್ಸನ್ನೆ ಮಾಡಿದೆ. ಅವರು ಅದನ್ನು ಬೇಗ ಬೇಗ ಎಂದು ತಿಳಿದರು. "ಕೆಲಸ ಜೋರಿದ್ದಾಗ ಹಿಂಗೆ!" ಟಕ್ ಟಕ್, ಟಕ್ ಟಕ್. ಈ ಸಲ ಎರಡು ಕೈಯಲ್ಲಿ ಎರಡು ಲೋಟ. ಮಕ್ಕಳು ಕಿಸಕ್ಕೆಂದರು. ಸುಮ್ಮನಿರಿ ಎಂದು ಗದರುವಾಗ ಅಭ್ಯಾಸಬಲದಿಂದ ಮತ್ತೆ ಮೇಜು ಬಡಿದೆ. ನಾಲ್ಕನೆಯ ಲೋಟ.

"ಸಾಕ್ರೀ ಸಾಬ್ರೇ!" ಎಂದೆ.

"ನೀವು ಬಡಿಯಾದು ನಿಲ್ಲಸ್ರಿ ಸಾರ್, ನಾನು ತರಾದು ನಿಲ್ಲಸ್ತೀನಿ. ಒಲೆ ಮ್ಯಾಲೆ ಇನ್ನಾ ಐತೆ."

ತರಗತಿ ಗೊಳ್ಳೆಂದಿತು. ಮುಂದಿನ ಸಾಲಿನ ಹುಡುಗಿ ಎದ್ದು, "ಹಂಗಾರೆ ಖಾದರಣ್ಣನೇ ಗ್ಲಿಯಾ ಅಲ್ಲೇನ್ರಿ ಸಾರ್?" ಎಂದಳು. ಮೇಡಂ ನಗುತ್ತಲೇ ವರದಿ ಬರೆದರು: ಪಾಠೋಪಕರಣ ಅತ್ಯುತ್ತಮ, ಬೋಧನೆ ತೃಪ್ತಿಕರ.

ಉಪಕರಣ ನನಗಿಂತ ಮೇಲು! ಅದಕ್ಕಿಂತ ಹೆಚ್ಚಾಗಿ, ಸಾಬರನ್ನು ಇಷ್ಟು ವರ್ಷ ನಾನೂ ಗೋಂದೆಂದೇ ಎಣಿಸಿದ್ದೆನಲ್ಲ ಎಂದು ನಾಚಿಕೆಯಾಗಿ, ಮರುದಿನ ಡಸ್ಟರನ್ನು ಮೇಜಿಗೆ ತಾಗಿಸಲೇ ಇಲ್ಲ. ಗಂಟಲು ಒಣಗಿದರೂ ಸಹಿಸಿದೆ. ಮೂರನೆಯ ಪೀರಿಯಡ್ಡಿಗೆ ಸಾಬರೇ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯಾಕ್ ಸಾರ್, ಬೆಳಿಗ್ಗೆಯಿಂದ ಸದ್ದೇ ಇಲ್ಲ? ಹುಷಾರಿದೀರಾ?"

ಸುಖವಾಗಿ ನೀರು ಕುಡಿದೆ. ಆದರೆ ಸದ್ದಿಲ್ಲದಿದ್ದರೂ ಗ್ಲಿಯಾ ಹೀಗೆ ವಿಚಾರಿಸಿಕೊಳ್ಳುತ್ತದೆಯೇ ಎಂಬುದನ್ನು ನಾನು ಓದಿರಲಿಲ್ಲ. ಮೇಡಂ ಮತ್ತೆ ಬಂದು ಇದನ್ನೇ ಕೇಳಿದರೆ ಏನು ಗತಿ ಎಂದು ಯೋಚಿಸುತ್ತಿದ್ದೆ. ಕೈ ತಾನಾಗಿಯೇ ಡಸ್ಟರ್ ಹುಡುಕುತ್ತಿತ್ತು.