ಮೂಗಿನೊಳಗಿನ ಬೀಗರೂಟ

ವಿನೋದ್ ಸೀನಿದ್ದು ಒಂದೇ ಒಂದು ಸಲ. ಅದೂ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಬಾಯಿಗೆ ಟವೆಲ್ ಒತ್ತಿಕೊಂಡು. ಆದರೂ ಪಕ್ಕದ ಮನೆಯ ಮಹಾಲಕ್ಷ್ಮೀಗೆ ಕೇಳಿಸಿಬಿಟ್ಟಿತು. ಆಕೆ ಆಶಾ ಕಾರ್ಯಕರ್ತೆ. ಹೊಸನಗರದವರ ಶೀತ, ಕೆಮ್ಮು, ಜಗಳ ಯಾವುದೂ ಆಕೆಯ ಕಿವಿ ತಪ್ಪಿಸಿ ಹೋಗುವಂತಿರಲಿಲ್ಲ.

“ಪ್ರತಿಮಾ, ನಿಮ್ಮನೇರು ಸೀನಿದ್ರಲ್ಲ! ಆಸ್ಪತ್ರೆಗೆ ಕರ್ಕಂಡ್ ಬಾ. ಸಾಗರದಿಂದ ಡಾಕ್ಟ್ರಮ್ಮ ಅದೆಂತದೋ ಚಿಪ್ ತಂದಿದಾರೆ. ಬೆಳಿಗ್ಗೆ ಮೂಗಿನ ನೀರು ಕೊಟ್ರೆ ಸಂಜೆಗೆ ಯಾವ ಫ್ಲೂ ಅಂತ ಹೇಳ್ತಾರೆ.”

ಒಂದು ಕಡೆ ಹೆಂಡತಿ ಪ್ರತಿಮಾ, ಇನ್ನೊಂದು ಕಡೆ ಅತ್ತೆ ಯಮುನಮ್ಮ ಸೇರಿ ವಿನೋದನನ್ನು ಸೂಜಿಗೆ ಹೆದರಿದ ಕರುವನ್ನು ಎಳೆದೊಯ್ಯುವಂತೆ ಎಳೆದೊಯ್ದರು. “ನಂಗೂ ಗಂಟ್ಲು ಕೆರೀತದೆ, ನೋಡಿಬಿಡಿ” ಎಂದು ಅತ್ತೆಯೂ ಮೂಗು ಒಡ್ಡಿದರು.

ಡಾಕ್ಟರ್ ಸಮತಾ ಪುಟ್ಟ ಗಾಜಿನ ತುಂಡೊಂದನ್ನು ತೋರಿಸಿದರು. “ಇದ್ರ ಮೇಲೆ ಸಾವಿರಾರು ಚುಕ್ಕಿ ಇದಾವೆ. ಒಂದೊಂದ್ರಲ್ಲೂ ಒಂದೊಂದು ಫ್ಲೂ ವೈರಸ್ಸಿನ ಜೀನಿನ ತುಣುಕು. ನಿಮ್ಮ ಮೂಗಲ್ಲಿರೋದು ತನ್ನ ಜೋಡಿ ಹುಡುಕಿ ಅಂಟ್ಕೊಳ್ತದೆ, ಆ ಚುಕ್ಕಿ ಹೊಳೀತದೆ. ಅದನ್ನ ನೋಡಿ ಫ್ಲೂನ ಉಪಜಾತಿ ಯಾವುದು ಅಂತ ಹೇಳ್ಬಹುದು.”

ಉಪಜಾತಿ ಎಂದ ಕೂಡಲೇ ಸಾಲಿನಲ್ಲಿದ್ದವರಿಗೆಲ್ಲ ವಿಷಯ ಸಲೀಸಾಗಿ ಅರ್ಥವಾಯಿತು.

ಮಹಾಲಕ್ಷ್ಮೀ ಗುಟ್ಟು ಹೇಳುವವಳಂತೆ ಬಾಗಿ, ಇಡೀ ವರಾಂಡಕ್ಕೆ ಕೇಳುವಂತೆ ಹೇಳಿದಳು: “ನಮ್ಮೂರಲ್ಲೆಲ್ಲ ಎಚ್ ತ್ರೀ ಎನ್ ಟೂ. ಎಚ್ ಒನ್ ಎನ್ ಒನ್ ಬಂದಿರೋದು ನಾಲ್ಕೇ ಜನಕ್ಕೆ. ನಾಲ್ಕೂ ಜನ ಭಾನುವಾರ ತೀರ್ಥಹಳ್ಳಿ ರಾಮಚಂದ್ರಪ್ಪೋರ ಮನೆ ಬೀಗರೂಟಕ್ಕೆ ಹೋದೋರು!”

ವಿನೋದ್ ತನ್ನ ಮೂಗನ್ನು ಅಂಗೈಯಲ್ಲಿ ಮುಚ್ಚಿಕೊಂಡ. ರಾಮಚಂದ್ರಪ್ಪ ಎಂದರೆ ಯಮುನಮ್ಮನ ಸ್ವಂತ ಅಣ್ಣ. ಎಂಟು ವರ್ಷದ ಹಿಂದೆ ಪ್ರತಿಮಾಳ ಮದುವೆಯಲ್ಲಿ, ಮೊದಲ ಪಂಕ್ತಿಯಲ್ಲಿ ತನಗೆ ಎಲೆ ಹಾಕಲಿಲ್ಲವೆಂದು ಎದ್ದುಹೋದ ಮಹಾನುಭಾವ. ಅಂದಿನಿಂದ ಆ ಮನೆಯ ನೀರು ಮುಟ್ಟಬಾರದೆಂದು ಯಮುನಮ್ಮ ಎಲ್ಲರಿಂದಲೂ ಆಣೆ ಮಾಡಿಸಿದ್ದರು. ಮುರಿದವರಿಗೆ ಒಂದು ವರ್ಷ ಮೀನಿಲ್ಲ, ಕೋಳಿಯಿಲ್ಲ, ಬರೀ ಗಂಜಿ. ವಿನೋದ್ ನೀರು ಮುಟ್ಟಿರಲಿಲ್ಲ, ನಿಜ. ಮಾಸ್ತಿಕಟ್ಟೆಯಲ್ಲಿ ಡ್ಯೂಟಿ ಎಂದು ಸುಳ್ಳು ಹೇಳಿ ಹೋಗಿ ಕಡುಬು, ಕೋಳಿಸಾರು ಮಾತ್ರ ಮುಟ್ಟಿ ಬಂದಿದ್ದ.

ಮನೆಗೆ ಬಂದವನೇ ಕಾಳುಮೆಣಸಿನ ಕಷಾಯ ಕುಡಿಯಲು ಕೂತ. ಮೂಗಿನ ನೀರು ಆಗಲೇ ಕೊಟ್ಟಾಗಿದೆ ಎಂಬುದು ನಾಲ್ಕನೇ ಲೋಟಕ್ಕೆ ನೆನಪಾಯಿತು. ಬೈಕು ಹತ್ತಿ ಆಸ್ಪತ್ರೆಗೆ ಓಡಿದ.

“ಮೇಡಂ, ಒಂದೇ ಒಂದು ಚುಕ್ಕಿ. ಬಟ್ಟೆ ತಗಂಡು ಸ್ವಲ್ಪ ಒರೆಸಿಬಿಡಿ.”

“ಅದೇನು ಸ್ಲೇಟಾ? ಹೋಗ್ರೀ!”

ಸಂಜೆ ವರಾಂಡ ಕಿಕ್ಕಿರಿದಿತ್ತು. ಡಾಕ್ಟರು ಕಾಗದ ಹಿಡಿದು ಹೊರಬಂದದ್ದೇ ವಿನೋದನ ಧೈರ್ಯ ಕೈಕೊಟ್ಟಿತು.

“ಪ್ರತಿಮಾ, ಬೈದ್ರೆ ಬೈಯಿ. ಉಂಡೆ ಕಣೇ! ನಿನ್ನ ಸೋದರಮಾವನ ಮನೇಲಿ ಹೊಟ್ಟೆ ಬಿರಿಯ ಉಂಡೆ!”

ಸೀನುತ್ತಿದ್ದವರೂ ಸೀನು ನಿಲ್ಲಿಸಿದರು. ಡಾಕ್ಟರು ಕಾಗದ ನೋಡಿದರು. “ವಿನೋದ್... ನಿಮ್ದು ಒಂದು ಚುಕ್ಕಿನೂ ಹೊಳೆದಿಲ್ಲ. ಫ್ಲೂನೇ ಅಲ್ಲ, ಬರೀ ಶೀತ.” ಇನ್ನೊಂದು ಹಾಳೆ ತಿರುವಿದರು. “ಯಮುನಮ್ಮ... ಎಚ್ ಒನ್ ಎನ್ ಒನ್.”

ಎಲ್ಲರ ಕಣ್ಣೂ ಯಮುನಮ್ಮನ ಮೇಲೆ ಬಿತ್ತು. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಅಳಿಯನತ್ತ ಬೆರಳು ತೋರಿದರು.

“ಕೇಳಿದ್ರಾ? ಅಳಿಯಂದ್ರು ಉಂಡು ಬಂದು ನಂಗೆ ಅಂಟ್ಸಿದಾರೆ!”

“ಅತ್ತೆ, ನನ್ನತ್ರ ಇಲ್ವೇ ಇಲ್ವಂತಲ್ಲ!”

“ಇದ್ದಿದ್ದೆಲ್ಲ ನಂಗೆ ಕೊಟ್ಟಾಯ್ತಲ್ಲ, ಇನ್ನೆಲ್ಲಿ ಇರ್ತದೆ?”

ವರಾಂಡಕ್ಕೆ ಈ ಮಾತು ಪೂರ್ತಿ ಒಪ್ಪಿಗೆಯಾಯಿತು. ಡಾಕ್ಟರು ಏನೋ ಹೇಳಲು ಬಾಯಿ ತೆರೆದರು, ಕೇಳುವವರಿರಲಿಲ್ಲ. ಪ್ರತಿಮಾ ಒಂದು ವರ್ಷದ ಗಂಜಿ ಘೋಷಿಸಿ ದಾಪುಗಾಲು ಹಾಕಿದಳು.

ಹಿಂದೆ ಅಳಿಯನ ತೋಳು ಹಿಡಿದು ನಡೆಯುತ್ತಿದ್ದ ಯಮುನಮ್ಮನ ಕಣ್ಣು ತುಂಬಿತ್ತು. ಆಕೆ ಪಿಸುಗುಟ್ಟಿದರು: “ಬೇಜಾರ್ ಮಾಡ್ಕೋಬೇಡಿ. ಎಷ್ಟಂದ್ರೂ ಒಡಹುಟ್ಟಿದೋನು, ತಡೀಲಿಕ್ಕಾಗ್ಲಿಲ್ಲ. ಅಡುಗೆಮನೇಲಿ ಅಡಗಿ ಕೂತಿದ್ದೆ. ನಿಮ್ಮೆಲೆಗೆ ಮತ್ತೆ ಮತ್ತೆ ಕಡುಬು ಹಾಕ್ಸಿದ್ದು ಯಾರು ಅನ್ಕಂಡ್ರಿ?”

ವಿನೋದನ ಬಾಯಿಂದ “ಆಂ?” ಎಂಬ ಕೂಗು ಹೊರಟಿತು. ಪ್ರತಿಮಾ ಗಕ್ಕನೆ ತಿರುಗಿದಳು.

“ನೋಡೇ, ಇನ್ನೂ ಅಲ್ಲಿನ ಕೋಳಿಸಾರೇ ಚೆನ್ನಾಗಿತ್ತು ಅಂತಿದಾರೆ!” ಎಂದರು ಅತ್ತೆ ಗಟ್ಟಿಯಾಗಿ. “ಒಂದು ವರ್ಷ ಸಾಲ್ದು, ಎರಡು ಮಾಡು!”