ಮೌನಮುನಿ, ಕನ್ನಡಿರಾಣಿ ಮತ್ತು ನನ್ನ ಕರ್ಚೀಫು

ನ್ಯಾಯ ಹೇಳುವುದು ನನಗಿರುವ ಒಂದು ಚಟ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ನಶ್ಯ, ನನಗೆ ಪಂಚಾಯ್ತಿ. ಕರೆಯದಿದ್ದರೂ ಹೋಗುತ್ತೇನೆ. ಶಿವಮೊಗ್ಗದ ಆಲ್ಕೊಳದ ನಮ್ಮ ಬೀದಿಯಲ್ಲಿ ಒಬ್ಬರ ನುಗ್ಗೆಮರದ ಕೊಂಬೆ ಇನ್ನೊಬ್ಬರ ಕಾಂಪೌಂಡಿನೊಳಗೆ ಬಾಗಿದಾಗ, ಕಾಯಿ ಯಾರಿಗೆ ಸೇರಬೇಕೆಂದು ಇತ್ಯರ್ಥ ಮಾಡಿದವನು ನಾನೇ. ಆ ತೀರ್ಪಿನಿಂದ ಎರಡು ಮನೆಯವರೂ ಒಂದಾದರು. ಒಂದಾಗಿ ನನ್ನ ಜೊತೆ ಮಾತು ಬಿಟ್ಟರು. ಅದು ಬೇರೆ ವಿಷಯ. "ಊರಿಗೆಲ್ಲ ನ್ಯಾಯ ಹೇಳ್ತೀರಿ, ಮನೆಗೆ ಕೊತ್ತಂಬರಿ ಸೊಪ್ಪು ತರೋದು ಮಾತ್ರ ಮರೀತೀರಿ" ಎಂಬುದು ನನ್ನ ಹೆಂಡತಿಯ ಆಕ್ಷೇಪಣೆ. ಅದನ್ನು ನಾನು ವಿಚಾರಣೆಗೆ ಎತ್ತಿಕೊಂಡಿಲ್ಲ.

ಇಂಥ ನನ್ನನ್ನು ಎರಡು ಜಡೆಯ ಇಬ್ಬರು ಹುಡುಗಿಯರು ಕಂಗೆಡಿಸಿಬಿಟ್ಟರು. ಎರಡು ಸಾವಿರದ ಇಸವಿ ಕಳೆದ ಹೊಸತು. ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ತಂಗಿಯ ಮಗಳು ಪಲ್ಲವಿ ಬೇಸಿಗೆ ರಜೆಗೆಂದು ನಮ್ಮ ಮನೆಗೆ ಬಂದಿದ್ದಳು. ನನ್ನ ಮಗಳು ಮಾನಸಳದೂ ಅವಳದೂ ಒಂದೇ ವಯಸ್ಸು, ಒಂದೇ ಹುಚ್ಚು. ಆಗ ಬಬಲ್‌ಗಮ್ ಪ್ಯಾಕೆಟ್ಟಿನೊಳಗೆ ಬಣ್ಣಬಣ್ಣದ ಕಾರ್ಡುಗಳು ಬರುತ್ತಿದ್ದವು. ಒಂದೊಂದರ ಮೇಲೂ ಒಂದು ವಿಚಿತ್ರ ಪ್ರಾಣಿಯೋ ಮನುಷ್ಯನೋ, ಕೆಳಗೆ ಅದರ ವಿಶೇಷ ಶಕ್ತಿಯ ವಿವರ. ಸೋತ ಕಾರ್ಡು ಗೆದ್ದವರ ಪಾಲು. ಇಂಗ್ಲಿಷಿನಲ್ಲಿದ್ದ ಹೆಸರುಗಳಿಗೆಲ್ಲ ಈ ಹುಡುಗಿಯರು ಕನ್ನಡದಲ್ಲಿ ನಾಮಕರಣ ಮಾಡಿಕೊಂಡಿದ್ದರು. ಒಂದು ಮಧ್ಯಾಹ್ನ ಪೇಪರು ಓದುವ ನೆಪದಲ್ಲಿ ಅವರ ಆಟವನ್ನು ಕದ್ದು ಕೇಳಿದೆ. "ಬೆಂಕಿಹಕ್ಕಿ ನೀರಾನೆನ ಒಣಗಿಸೋವಾಗ ಮಧ್ಯ ಮಂಜಮ್ಮ ಬಂದ್ರೆ?" "ಬರ್ಲಿ, ಬೆಂಕಿ ಕೆಲಸ ಶುರು ಆಗಿಬಿಟ್ಟಿದೆಯಲ್ಲ, ಮಂಜಮ್ಮನ ಶಕ್ತಿ ಮುಂದಿನ ಆಟಕ್ಕೆ." ನಾನು ಪೇಪರು ಮಡಿಸಿಟ್ಟೆ. ಮಗ್ಗಿ ಕೇಳಿದರೆ ತೂಕಡಿಸುವ ಮಕ್ಕಳು ಇವರೇನಾ? ನನಗೆ ನಿಜವಾಗಿ ಮೈ ಜುಮ್ಮೆಂದಿತು.

ರಜೆ ಮುಗಿಯುವ ಹೊತ್ತಿಗೆ ಮಹಾ ವ್ಯಾಜ್ಯವೊಂದು ಹುಟ್ಟಿತು. ಮಾನಸಳ ಮೌನಮುನಿ ಚಾಪೆಯ ಮೇಲೆ ಕೂತಿದ್ದಾನೆ. ಅವನ ಎದುರು ಬಂದ ಕಾರ್ಡಿನ ಶಕ್ತಿ ಅಡಗುತ್ತದೆ. ಶಕ್ತಿ ಅಡಗಿದ ಕಾರ್ಡು ಔಟು. ಪಲ್ಲವಿ ಅವನೆದುರು ತನ್ನ ಕನ್ನಡಿರಾಣಿಯನ್ನು ಇಳಿಸಿದಳು. ಈ ರಾಣಿಗೆ ಎದುರಾಳಿಯ ಶಕ್ತಿ ಯಾವುದೋ ಅದೇ ಬರುತ್ತದೆ. ಹಾಗಾದರೆ ಮುನಿ ರಾಣಿಯ ಬಾಯಿ ಮುಚ್ಚಿಸಿದನೋ, ರಾಣಿಯೇ ಮುನಿಯ ವಿದ್ಯೆ ಕಲಿತು ಅವನ ಬಾಯಿ ಮುಚ್ಚಿಸಿದಳೋ? "ಮಾವ, ನೀವೇ ಹೇಳಿ" ಎಂದಳು ಪಲ್ಲವಿ. ಆ ರಾಣಿಗಾಗಿ ರಜೆಯೆಲ್ಲ ದವಡೆ ನೋಯುವಷ್ಟು ಗಮ್ ಅಗಿದಿದ್ದಳು. ಅಂಥ ಕಾರ್ಡು ಶಿವಮೊಗ್ಗದಲ್ಲೂ ಇಲ್ಲ, ಭದ್ರಾವತಿಯಲ್ಲೂ ಇಲ್ಲ ಎಂದು ಇಬ್ಬರೂ ನಂಬಿದ್ದರು. ನಾನು ಕನ್ನಡಕ ಒರೆಸಿದೆ. ಮುನಿಯ ಕಡೆಯಿಂದ ನೋಡಿದರೆ ಮುನಿ ಸರಿ, ರಾಣಿಯ ಕಡೆಯಿಂದ ನೋಡಿದರೆ ರಾಣಿ ಸರಿ. ತಲೆ ಗಿರ್ರೆಂದಿತು. "ತೀರ್ಪು ಕಾಯ್ದಿರಿಸಲಾಗಿದೆ" ಎಂದು ಗಂಭೀರವಾಗಿ ಹೇಳಿ ಕೊತ್ತಂಬರಿ ಸೊಪ್ಪು ತರಲು ಹೋದೆ. ಹೆಂಡತಿಗೆ ಪರಮಾಶ್ಚರ್ಯ.

ಪಲ್ಲವಿಯನ್ನು ಊರಿಗೆ ಬಿಡಲು ಹೊರಟ ದಿನವೂ ತೀರ್ಪು ಕಾಯ್ದಿರಿಸಿದಂತೆಯೇ ಇತ್ತು. ಮಾನಸಳೂ ಜೊತೆಗೆ ಬಂದಳು, ಅತ್ತೆಯ ಮೇಲಿನ ಪ್ರೀತಿಗಲ್ಲ, ರಾಣಿಯನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು. ಭದ್ರಾವತಿಗೆ ಹೋಗುವ ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿದ್ದಂತೆ ಜನ ಮುಗಿಬಿದ್ದರು. ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದರಲ್ಲಿ ನಾನು ಎತ್ತಿದ ಕೈ. ಓಡುವ ಬಸ್ಸಿಗೂ ಗುರಿ ತಪ್ಪುವುದಿಲ್ಲ. ಮೂವರು ಕೂರುವ ಸೀಟಿನ ಮೇಲೆ ಕರ್ಚೀಫು ಹೂವಿನಂತೆ ಇಳಿಯಿತು. ಹುಡುಗಿಯರನ್ನು ಕೂರಿಸಿ, ತುದಿಯಲ್ಲಿ ನಾನೂ ಕೂತು ಉಸಿರು ಬಿಡುವಷ್ಟರಲ್ಲಿ ತರಕಾರಿ ಚೀಲ ಹಿಡಿದ ಹೆಂಗಸೊಬ್ಬರು ಬಂದರು. "ಏನ್ರೀ ಮಾರಾಯ್ರೆ, ಮೇಲೆ ಬರ್ದಿರೋದು ಓದೋಕೆ ಬರಲ್ವಾ?" ಕಿಟಕಿಯ ಮೇಲೆ ಕೆಂಪಕ್ಷರದಲ್ಲಿ 'ಮಹಿಳೆಯರಿಗೆ' ಎಂದಿತ್ತು. ನನ್ನೊಳಗಿನ ನ್ಯಾಯಾಧೀಶ ಎದ್ದು ಕೂತ. ನಾನು ಮಾತ್ರ ಏಳಲಿಲ್ಲ. "ನೋಡಿಯಮ್ಮ, ನೀವು ಹತ್ತೋಕೆ ಮೊದಲೇ ಕರ್ಚೀಫು ಹಾಕಿದ್ದೀನಿ. ಮೊದಲು ಬಂದೋರಿಗೆ ಮೊದಲು ಹಕ್ಕು" ಎಂದೆ. ಹಿಂದಿನ ಸೀಟಿನವರೊಬ್ಬರು ಹೌದೆಂದು ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ.

"ಇಲ್ಲ ಮಾವ" ಎಂದಳು ಪಲ್ಲವಿ. "ನೀವು ಕರ್ಚೀಫು ಹಾಕೋಕೆ ಮೊದ್ಲೇ ಅದು ಬರ್ದಿತ್ತಲ್ಲ. ಮೊದ್ಲಿಂದ ಇರೋ ಶಕ್ತಿನೇ ನಡೆಯೋದು. ಆಮೇಲೆ ಬಿದ್ದಿದ್ದು ಅಲ್ಲಿ ಕೆಲಸ ಮಾಡಲ್ಲ." ಅಷ್ಟು ಹೇಳಿದವಳು ಗಕ್ಕನೆ ಮಾತು ನಿಲ್ಲಿಸಿದಳು. ಅವಳ ಮುಖ ಬಿಳಿಚಿಕೊಂಡದ್ದು ಯಾಕೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮುನಿ ಮೊದಲಿಂದ ಚಾಪೆಯ ಮೇಲಿದ್ದ. ರಾಣಿ ಆಮೇಲೆ ಬಂದವಳು. ಪಲ್ಲವಿ ಆ ಮಾತನ್ನು ನುಂಗಿಕೊಳ್ಳಬಹುದಿತ್ತು. ನಾನಾಗಿದ್ದರೆ ಭದ್ರಾವತಿಯವರೆಗೆ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದೆ. ಅವಳು ಬ್ಯಾಗಿನ ಜಿಪ್ ಎಳೆದು, ರಾಣಿಯನ್ನು ಒಂದು ಸಲ ನೋಡಿ, ಮಾನಸಳ ಕೈಗಿಟ್ಟಳು. "ಮುನಿನೇ ಗೆದ್ದ ಕಣೆ." ಕಣ್ಣು ತುಂಬಿತ್ತು, ಧ್ವನಿ ಅಲುಗಲಿಲ್ಲ. ಇಷ್ಟು ವರ್ಷ ನ್ಯಾಯ ಹೇಳಿದ ನಾನು ನ್ಯಾಯವನ್ನು ಕಣ್ಣಾರೆ ಕಂಡದ್ದು ಅಂದೇ. ಕೈ ಮುಗಿಯಬೇಕೆನ್ನಿಸಿತು. ಮಾನಸ ರಾಣಿಯನ್ನು ವಾಪಸು ಕೊಡುತ್ತಾಳೇನೋ ಎಂದು ಕಾದೆ. ಕೊಡಲಿಲ್ಲ, ಎಷ್ಟಾದರೂ ನನ್ನ ಮಗಳು. ಆದರೆ ಜಗಳವಾಡಿ ಹಿಡಿದಿದ್ದ ಕಿಟಕಿ ಪಕ್ಕದ ಜಾಗವನ್ನು ಪಲ್ಲವಿಗೆ ಬಿಟ್ಟುಕೊಟ್ಟಳು.

"ಮಾವ, ಹಂಗಾದ್ರೆ ನೀವೂ ಏಳ್ಬೇಕು" ಎಂದಳು ಪಲ್ಲವಿ, ಮೂಗೊರೆಸಿಕೊಂಡು. ಎದ್ದೆ. ಆ ಹೆಂಗಸು ಚೀಲವನ್ನು ಕಾಲಬಳಿ ಇಟ್ಟು ಆರಾಮಾಗಿ ಕೂತರು. ಬಸ್ಸು ಊರು ದಾಟಿದ ಮೇಲೆ ಕೈ ಚಾಚಿ ಪಲ್ಲವಿಯ ತಲೆ ಸವರಿ, "ಎಂಥ ನ್ಯಾಯವಂತ ಹುಡುಗಿ! ಯಾರ ಕಡೆಯಿಂದ ಬಂತೋ ಈ ಬುದ್ಧಿ" ಎಂದರು. ಮೇಲಿನ ಕಂಬಿಗೆ ಜೋತುಬಿದ್ದಿದ್ದ ನಾನು ಎದೆಯುಬ್ಬಿಸಿ, "ನಮ್ಮ ಕಡೆಯಿಂದಲೇ" ಎಂದೆ. ಆಕೆ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಆಮೇಲೆ ತಾವು ಕೂತಿದ್ದ ಜಾಗದಿಂದ ನನ್ನ ಕರ್ಚೀಫನ್ನು ಎಳೆದು ತೆಗೆದು ನನ್ನ ಕೈಗೆ ಕೊಟ್ಟರು.